ಬಲಕ್ಕೆ 8 ಇಂಚು

ರೈಫಲ್ ಗುರಿ ಹೊಡೆಯುವುದರಲ್ಲಿ ನಾಲ್ಕು ಶನಿವಾರ ಒಂದೇ ಕಥೆ. 600 ಗಜದಲ್ಲಿ ಐದು ಗುಂಡು ಹೊಡೆದರೆ ಐದೂ ನಾಲ್ಕು ಇಂಚಿನೊಳಗೆ ಅಕ್ಕಪಕ್ಕ ಕೂರುತ್ತಿದ್ದವು. ಆದರೆ ಆ ಗುಂಪು ಪೂರ್ತಿಯಾಗಿ ನಡುವಿನಿಂದ 8 ಇಂಚು ಬಲಕ್ಕೆ. ಎಫ್-ಕ್ಲಾಸ್ (ಮಲಗಿಕೊಂಡು, ರೈಫಲನ್ನು ಆಸರೆಗಿಟ್ಟು ದೂರಕ್ಕೆ ಹೊಡೆಯುವ ಸ್ಪರ್ಧೆ) ಟಾರ್ಗೆಟ್‌ನಲ್ಲಿ ಹತ್ತು ಅಂಕದ ವೃತ್ತದ ಅಗಲ 6 ಇಂಚು, ಒಂಬತ್ತರದ್ದು 12. ಹಾಗಾಗಿ ಸಿಗುತ್ತಿದ್ದುದು ಎಂಟು, ಎಂಟು, ಆಗೊಮ್ಮೆ ಏಳು. ತುಂಬಾ ಬೇಜಾರಾಗಿತ್ತು.

ಗುಂಡುಗಳು ಚದುರಿದ್ದರೆ ಉಸಿರು, ಟ್ರಿಗರ್, ಕಾರ್ಟ್ರಿಜ್ ಅಂತ ಹುಡುಕಬಹುದು. ಗುಂಪು ಬಿಗಿಯಾಗಿದ್ದು ಜಾಗ ಮಾತ್ರ ತಪ್ಪಿದರೆ ಏನೋ ಒಂದು ಪ್ರತಿ ಸಲವೂ ಒಂದೇ ರೀತಿ ತಪ್ಪುತ್ತಿದೆ ಅಂತ ಅರ್ಥ. ಟ್ರಿಗರನ್ನು ಪಕ್ಕಕ್ಕೆ ಎಳೆದರೂ ಹೀಗಾಗುತ್ತದೆ, ಆದರೆ ಅದು 100 ಗಜದಲ್ಲೂ ಕಾಣಬೇಕು ಅಲ್ವಾ? ಅಲ್ಲಿ ನನ್ನ ಗುಂಡು ನಟ್ಟನಡುವೆ ಬೀಳುತ್ತಿತ್ತು.

ಮೊದಲು ಗಾಳಿಯನ್ನೇ ಬೈದೆ. ನನ್ನದು .308 ಅಳತೆಯ ರೈಫಲ್, 175 ಗ್ರೇನ್ (ಸುಮಾರು 11 ಗ್ರಾಂ) ಗುಂಡು. ಗಂಟೆಗೆ 10 ಮೈಲಿ ವೇಗದ ಅಡ್ಡಗಾಳಿ ಇದ್ದರೆ 600 ಗಜದಲ್ಲಿ ಅದು 30 ಇಂಚಿಗೂ ಜಾಸ್ತಿ ಸರಿಯುತ್ತದೆ. ಅಂದರೆ 8 ಇಂಚು ಸರಿಯಲು ಎರಡೂವರೆ ಮೈಲಿ ಗಾಳಿ ಸಾಕು, ಅದು ಕೆನ್ನೆಗೆ ಸರಿಯಾಗಿ ತಾಗುವುದೂ ಇಲ್ಲ. ಇಲ್ಲಿ ಟೆಕ್ಸಾಸ್‌ನಲ್ಲಿ ಹತ್ತು ಗಂಟೆಯಾದರೆ ನೆಲದ ಮೇಲೆ ಬಿಸಿಲ್ಗುದುರೆ ಏಳುತ್ತದೆ, ಅದು ಯಾವ ಕಡೆ ಹರಿಯುತ್ತಿದೆ ಅಂತ ದೂರದರ್ಶಕದಲ್ಲಿ ನೋಡಿಯೇ ಗಾಳಿ ಲೆಕ್ಕ ಹಾಕುವುದು. ಮೂರನೇ ವಾರ ಅದು ಬಲದಿಂದ ಎಡಕ್ಕೆ ಹರಿಯುತ್ತಿತ್ತು. ಅದಕ್ಕೆ ತಕ್ಕಂತೆ ತಿದ್ದಿಕೊಂಡು ಹೊಡೆದೆ. ಮತ್ತೆ ಬಲಕ್ಕೇ 8 ಇಂಚು! ಗಾಳಿ ದಿಕ್ಕು ಬದಲಾದರೂ ತಪ್ಪು ಬದಲಾಗಲಿಲ್ಲ ಅಂದಮೇಲೆ ಗಾಳಿಯದಲ್ಲ.

'ಎಡಕ್ಕೆ ಐದು ಕ್ಲಿಕ್ ಹಾಕಿ, ಸರಿಹೋಗುತ್ತೆ' ಅಂದರು ಪಕ್ಕದಲ್ಲಿ ಮಲಗಿ ಹೊಡೆಯುತ್ತಿದ್ದವರು. ಕ್ಲಿಕ್ ಅಂದರೆ ಸ್ಕೋಪ್‌ನ (ರೈಫಲ್ ಮೇಲಿನ ಗುರಿ ದುರ್ಬೀನಿನ) ತಿರುಗುಗುಂಡಿಯ ಒಂದು ಹೆಜ್ಜೆ, ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು. ಕಾಲು ಎಂಒಎ ಕ್ಲಿಕ್ ಅಂದರೆ 600 ಗಜದಲ್ಲಿ ಒಂದೂವರೆ ಇಂಚಿನ ಮೇಲೆ ಸ್ವಲ್ಪ, ಲೆಕ್ಕ ಸರಿಯೇ. ಅವರ ಮಾತಿನಂತೆ ಹಾಕಿದೆ, 600ರಲ್ಲಿ ನಡುವಿಗೆ ಬಂತು. ಅದೇ ಕ್ಲಿಕ್ ಇಟ್ಟುಕೊಂಡು 300 ಗಜಕ್ಕೆ ಹೋದರೆ ಗುಂಪು ಎರಡೂವರೆ ಇಂಚು ಎಡಕ್ಕೆ.

ನನಗೆ ದಾರಿ ತೋರಿಸಿದ್ದು ಈ ಎರಡೂವರೆ ಇಂಚೇ. ಐದು ಕ್ಲಿಕ್ 300 ಗಜದಲ್ಲಿ ಸುಮಾರು 4 ಇಂಚು. ಹಾಗಾದರೆ ಕ್ಲಿಕ್ ಹಾಕದೆ ಇದ್ದಿದ್ದರೆ ಅಲ್ಲಿ ಬಲಕ್ಕೆ ಒಂದೂವರೆ ಇಂಚು ಮಾತ್ರ ಬೀಳುತ್ತಿತ್ತು. ಝೀರೋ, ಅಂದರೆ ಸ್ಕೋಪಿನ ಮೂಲ ಹೊಂದಿಕೆ, ತಪ್ಪಿದ್ದರೆ ದೂರ ಎರಡು ಪಟ್ಟಾದಾಗ ತಪ್ಪೂ ಎರಡು ಪಟ್ಟಾಗಬೇಕು, ಇಲ್ಲಿ ಐದು ಪಟ್ಟಿಗೂ ಜಾಸ್ತಿ ಆಗಿದೆ. ದೂರ ಹೆಚ್ಚಿದಷ್ಟೂ ಗುಂಡು ಕೆಳಗಿಳಿಯುತ್ತದೆ ಅಂತ ಮೇಲಕ್ಕೆ ತಿರುಗಿಸುವ ಕ್ಲಿಕ್ಕುಗಳ ಜೊತೆಗೇ ಈ ತಪ್ಪು ಬೆಳೆಯುತ್ತಿದೆ. 100ರಿಂದ 600ಕ್ಕೆ ನಾನು ಸುಮಾರು 16 ಎಂಒಎ ಏರಿಸುತ್ತೇನೆ. ಸ್ಕೋಪ್ ಬರೀ ಮೂರು ಡಿಗ್ರಿ ಬಲಕ್ಕೆ ವಾಲಿದ್ದರೆ ಅಷ್ಟು ಏರಿಸುವಾಗ ಗುಂಡು 5 ಇಂಚು ಬಲಕ್ಕೂ ಹೋಗಿಬಿಡುತ್ತದೆ. 1000 ಗಜದಲ್ಲಾದರೆ ಸುಮಾರು 20 ಇಂಚು.

ನಾನು ಕೊಡಗಿನವನು. ಕೈಲ್‌ಪೋಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದವನು. ಕೋವಿ ಒಂಚೂರು ವಾಲಿದರೆ ಅಷ್ಟು ಹತ್ತಿರದಲ್ಲಿ ಏನೂ ಆಗುವುದಿಲ್ಲ, ಗುಂಡು ಕೆಳಗಿಳಿಯುವುದೇ ಕಡಿಮೆ. ಅದಕ್ಕೇ ಇರಬೇಕು, ಈ ಕಡೆಗೆ ನನ್ನ ಯೋಚನೆ ಇಷ್ಟು ವಾರ ಹೋಗಿರಲೇ ಇಲ್ಲ.

ಮರುದಿನ 100 ಗಜದಲ್ಲಿ ಒಂದು ಎತ್ತರದ ಹಲಗೆ ನಿಲ್ಲಿಸಿ, ಗಾರೆಯವರು ಗೋಡೆ ನೋಡುವ ತೂಗುಗುಂಡನ್ನು ಅದರ ಮುಂದೆ ಇಳಿಬಿಟ್ಟೆ. ರೈಫಲ್ ಮೇಲೆ ಪುಟ್ಟ ರಸಮಟ್ಟ ಇಟ್ಟು, ಗುಳ್ಳೆ ನಡುವಿಗೆ ಬರುವ ತನಕ ಸರಿಮಾಡಿದೆ. ಬೋಲ್ಟ್ ತೆಗೆದಿಟ್ಟಿದ್ದೆ. ಸ್ಕೋಪ್‌ನಲ್ಲಿ ಕಣ್ಣಿಟ್ಟರೆ, ಒಳಗಿನ ನಿಂತ ಗೆರೆಯೂ ಹೊರಗಿನ ದಾರವೂ ಕೆಳಗೆ ಕೂಡಿಕೊಂಡಿವೆ, ಮೇಲೆ ಹೋಗ್ತಾ ಹೋಗ್ತಾ ಬೇರೆಯಾಗಿವೆ. ಕತ್ತರಿ ಸ್ವಲ್ಪವೇ ಬಾಯಿ ಬಿಟ್ಟ ಹಾಗೆ. ಆಮೇಲೆ ಬೋಲ್ಟ್ ಹಾಕಿ, ಎಡಕ್ಕೆ ಹಾಕಿದ್ದ ಕ್ಲಿಕ್ಕುಗಳನ್ನೆಲ್ಲ ತೆಗೆದು, 16 ಎಂಒಎ ಏರಿಸಿ, ದಾರದ ಹಿಂದೆ ಹಲಗೆಯ ಕೆಳಗಿದ್ದ ಚುಕ್ಕಿಗೇ ಗುರಿಯಿಟ್ಟು ಮೂರು ಗುಂಡು ಹೊಡೆದೆ. ಹೆಚ್ಚುಕಡಿಮೆ 17 ಇಂಚು ಮೇಲೆ ಬಿದ್ದವು, ಅದು ಸರಿ. ದಾರದಿಂದ ಮುಕ್ಕಾಲು ಇಂಚಿಗೂ ಜಾಸ್ತಿ ಬಲಕ್ಕೆ ಬಿದ್ದಿದ್ದವು.

ಸ್ಕೋಪನ್ನು ಅಂಗಡಿಯಲ್ಲೇ ಕೂರಿಸಿ ಕೊಟ್ಟಿದ್ದರು. ಅದನ್ನು ಹಿಡಿದಿಡುವ ರಿಂಗಿನ ಒಂದು ಬದಿಯ ಸ್ಕ್ರೂ ಮೊದಲೇ ಪೂರ್ತಿ ಬಿಗಿದರೆ ಟ್ಯೂಬ್ ಗೊತ್ತೇ ಆಗದ ಹಾಗೆ ಹೊರಳುತ್ತದೆ. ದಯವಿಟ್ಟು ನಿಮ್ಮದನ್ನೂ ಒಂದು ಸಲ ನೋಡಿಕೊಳ್ಳಿ. ನಾನು ಎಲ್ಲ ಸಡಿಲಿಸಿ, ಗೆರೆ ದಾರಕ್ಕೆ ಕೂಡುವ ತನಕ ತಿರುಗಿಸಿ, ಎರಡೂ ಬದಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಬಿಗಿಯುವಾಗ ಎರಡು ಸಲ ಹೊರಳಿತು, ಎರಡು ಸಲವೂ ಮೊದಲಿಂದ ಶುರುಮಾಡಿದೆ.

ಐದನೇ ಶನಿವಾರ 100ರಲ್ಲಿ ಮತ್ತೆ ಝೀರೋ ಮಾಡಿ 600ಕ್ಕೆ ಹೋದೆ. ಬಿಸಿಲ್ಗುದುರೆ ನೇರ ಮೇಲಕ್ಕೆ ಕುದಿಯುತ್ತಿತ್ತು, ಗಾಳಿ ಇಲ್ಲ. ಗುಂಪು ಬಲಕ್ಕೆ 3 ಇಂಚು. ಇದು ವಾಲಿದ್ದರಿಂದ ಆದದ್ದಲ್ಲ. ಬ್ಯಾರೆಲ್ ಒಳಗಿನ ಸುರುಳಿ ಗೀರುಗಳು ಬಲಕ್ಕೆ ತಿರುಗಿರುವುದರಿಂದ ತಿರುಗುತ್ತಾ ಹೋಗುವ ಗುಂಡು ತಾನಾಗಿಯೇ ಅಷ್ಟು ಬಲಕ್ಕೆ ಸರಿಯುತ್ತದೆ. ಎಡಕ್ಕೆ ಎರಡು ಕ್ಲಿಕ್ ಹಾಕಿದೆ. ಹತ್ತು, ಹತ್ತು, ಒಂಬತ್ತು, ಹತ್ತು, ಹತ್ತು.