ಇಲ್ಲಿ ಕಾಲೇಜು ಸೇರಲು ರ‍್ಯಾಂಕ್ ಇಲ್ಲ

ನನ್ನ ಮಗಳು ಇಲ್ಲಿ ಅಮೆರಿಕದಲ್ಲಿ ಈಗ ಹನ್ನೊಂದನೇ ತರಗತಿ. ಊರಿಂದ ಅಕ್ಕ ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ: "ಅಲ್ಲಿ ಯಾವ ಪರೀಕ್ಷೆ ಬರೀಬೇಕೇ? ಎಷ್ಟು ರ‍್ಯಾಂಕ್ ಬಂದ್ರೆ ಸೀಟು?" ಫೋನಿನಲ್ಲಿ ಹೇಳಿ ಮುಗಿಯುವ ಉತ್ತರ ಅಲ್ಲ ಅದು. ಮಕ್ಕಳನ್ನು ಪಿಯುಸಿ ಆದಮೇಲೆ ಅಮೆರಿಕಕ್ಕೆ ಕಳಿಸುವ ಯೋಚನೆ ಇರುವವರಿಗೂ ಉಪಯೋಗ ಆಗಬಹುದು ಅಂತ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಇಲ್ಲಿ ಸಿಇಟಿಯಂಥ ಒಂದು ಪರೀಕ್ಷೆ ಇಲ್ಲ. ಪ್ರತಿ ಕಾಲೇಜೂ ತನ್ನದೇ ಲೆಕ್ಕದಲ್ಲಿ ಮಕ್ಕಳನ್ನು ಆರಿಸಿಕೊಳ್ಳುತ್ತದೆ. ಒಂಬತ್ತರಿಂದ ಹನ್ನೆರಡರವರೆಗೆ ಹೈಸ್ಕೂಲು, ಆ ನಾಲ್ಕೂ ವರ್ಷದ ಗ್ರೇಡುಗಳು ಕಾಲೇಜಿಗೆ ಕಾಣುತ್ತವೆ. ಹಾಗಾಗಿ ಕೊನೇ ವರ್ಷ ಗಟ್ಟಿಯಾಗಿ ಓದಿ ಎಲ್ಲ ಸರಿಮಾಡಿಕೊಳ್ಳೋಣ ಅನ್ನುವ ಹಾಗಿಲ್ಲ. ನಾವಿರುವ ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ), ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕಕ್ಕೆ ಮುಖ್ಯವಾಗಿ ಹತ್ತು ಮತ್ತು ಹನ್ನೊಂದನೇ ತರಗತಿಯನ್ನೇ ಹಿಡಿಯುತ್ತದೆ. ನಮ್ಮ ಮನೆಯಲ್ಲಿ ಈ ವರ್ಷ ಇಷ್ಟು ಬಿಸಿ ಇರುವುದು ಅದಕ್ಕೇ.

ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ್ದನ್ನು ಓದಿಸುವ, ಎಪಿ ಅನ್ನುವ ಕಷ್ಟದ ಕೋರ್ಸುಗಳಿವೆ. ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಅಂಕ. ನಮ್ಮವರಲ್ಲಿ ಎಪಿ ಎಣಿಸುವ ಚಟ ಜಾಸ್ತಿ. ಆದರೆ ಕಾಲೇಜುಗಳು ಆ ಶಾಲೆಯಲ್ಲಿ ಏನೇನು ಕಲಿಸುತ್ತಾರೆ, ಅದರಲ್ಲಿ ಈ ಮಗು ಏನು ಆರಿಸಿಕೊಂಡಿತು ಅಂತಲೂ ನೋಡುತ್ತವೆ. ರಾತ್ರಿ ಒಂದು ಗಂಟೆಯವರೆಗೆ ಹೋಮ್‌ವರ್ಕ್ ಮಾಡಿ ಬೆಳಗ್ಗೆ ತೂಕಡಿಸುವ ಮಕ್ಕಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಒಂದು ಎಪಿ ಕಡಿಮೆ ಆದರೂ ಪರವಾಗಿಲ್ಲ, ನಿದ್ದೆ ಬೇಕು.

ಎಸ್‌ಎಟಿ ಕಥೆ ಬೇರೆ. ಕಾಲೇಜು ಅರ್ಜಿಗೆಂದು ಬರೆಯುವ ಇಂಗ್ಲಿಷ್, ಗಣಿತದ ಪರೀಕ್ಷೆ ಅದು, 1600ಕ್ಕೆ ಅಂಕ, ಈಗ ಕಂಪ್ಯೂಟರಿನಲ್ಲೇ ಬರೆಯುವುದು. ಕೋವಿಡ್ ಬಂದ 2020ರಲ್ಲಿ ಬಹಳ ಕಾಲೇಜುಗಳು ಇದನ್ನು ಕಡ್ಡಾಯದಿಂದ ತೆಗೆದವು. ಎಂಐಟಿ 2022ರಲ್ಲಿ ಮತ್ತೆ ಬೇಕು ಅಂದಿತು, ಹಾರ್ವರ್ಡ್, ಡಾರ್ಟ್‌ಮೌತ್ 2024ರಲ್ಲಿ ಅದೇ ದಾರಿ ಹಿಡಿದವು. ಆದರೆ ಯುಸಿ ಪ್ರವೇಶಕ್ಕೆ ಈ ಅಂಕವನ್ನು ಪರಿಗಣಿಸುವುದೇ ಇಲ್ಲ. ಆದ್ದರಿಂದ ಮೊದಲು ಕಾಲೇಜುಗಳ ಪಟ್ಟಿ, ಆಮೇಲೆ ಕೋಚಿಂಗಿಗೆ ದುಡ್ಡು ಕಟ್ಟುವ ಮಾತು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಪ್ರಬಂಧ. ಸಾವಿರಕ್ಕೂ ಹೆಚ್ಚು ಕಾಲೇಜುಗಳಿಗೆ ಕಾಮನ್ ಆ್ಯಪ್ ಎಂಬ ಒಂದೇ ಅರ್ಜಿ ನಡೆಯುತ್ತದೆ. ಅದು ಪ್ರತಿವರ್ಷ ಆಗಸ್ಟ್ 1ಕ್ಕೆ ತೆರೆಯುತ್ತದೆ. ಅದರಲ್ಲಿ 650 ಪದ ಮೀರದ ಒಂದು ಪ್ರಬಂಧ. ಯುಸಿ ಅರ್ಜಿ ಬೇರೆ: ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ, ಒಂದೊಂದಕ್ಕೂ 350 ಪದದೊಳಗೆ ಉತ್ತರ. ಎಲ್ಲವೂ ಸುತ್ತಿ ಬಳಸಿ ಕೇಳುವುದು ಒಂದೇ, ನೀನು ಯಾರು, ಏನು ಮಾಡುತ್ತೀಯ, ಯಾಕೆ ಮಾಡುತ್ತೀಯ. ಹದಿನೇಳರ ಹುಡುಗರಿಗೆ ಇದು ಸುಲಭ ಅಲ್ಲ. ನಮ್ಮ ಮನೆಗಳಲ್ಲಿ "ಎಷ್ಟು ಬಂತು?" ಅಂತ ದಿನಾ ಕೇಳುತ್ತೇವೆ, "ನಿನಗೆ ಏನನ್ನಿಸುತ್ತೆ?" ಅಂತ ಕೇಳುವುದು ಅಪರೂಪ, ಅಲ್ವಾ?

ಬೇಸಿಗೆ ರಜೆಯಲ್ಲಿ ನಮ್ಮ ಕನ್ನಡದ ಮನೆಗಳ ಮಕ್ಕಳು ಬರೆದದ್ದನ್ನು ನಾನು ಓದಿಕೊಡುತ್ತೇನೆ. ಒಬ್ಬ ಹುಡುಗ ರೊಬೊಟಿಕ್ಸ್ ಸ್ಪರ್ಧೆಯಲ್ಲಿ ಗೆದ್ದದ್ದನ್ನು ಬರೆದಿದ್ದ. ತಪ್ಪೇನಿಲ್ಲ, ಆದರೆ ಅದರಲ್ಲಿ ಅವನೇ ಇರಲಿಲ್ಲ. ಮಾತಾಡುತ್ತಾ ಕೂತಾಗ ಇನ್ನೊಂದು ಸಂಗತಿ ಹೊರಬಿತ್ತು. ಭಾನುವಾರ ದೊಡ್ಡವರೆಲ್ಲ ಸೇರಿ ಆಡುವ ಕ್ರಿಕೆಟಿಗೆ ಸ್ಕೋರು ಬರೆಯುವವನು ಇವನೇ. ಮಳೆ ಬಂದು ಓವರು ಕಡಿಮೆಯಾದರೆ ಅಂಕಲ್‌ಗಳ ನಡುವೆ ಜಗಳ. ಇವನು ಕೂತು ಒಂದು ನಿಯಮ ಬರೆದು, ಎರಡೂ ಕಡೆಯವರನ್ನು ಒಪ್ಪಿಸಿದ್ದ. "ಅದನ್ನೇ ಬರಿಯಪ್ಪ" ಅಂದೆ. "ಅದೂ ಒಂದು ವಿಷಯಾನಾ ಆಂಟಿ?" ಅಂತ ಬೆರಗಾದ. ಬರೆದ. ಅವನ ಅಮ್ಮ ಓದಿ, ಮಗ ಇಷ್ಟೆಲ್ಲ ಯೋಚಿಸುತ್ತಾನೆ ಅಂತ ಗೊತ್ತೇ ಇರಲಿಲ್ಲ ಅಂದರು.

ಇದನ್ನು ಅಪ್ಪ ಅಮ್ಮ ಬರೆದುಕೊಡುವುದಾಗಲಿ, ದುಡ್ಡು ಕೊಟ್ಟು ಬರೆಸುವುದಾಗಲಿ ನನಗೆ ಸುತರಾಂ ಒಪ್ಪಿಗೆಯಿಲ್ಲ. ಎಐ ಬರೆದದ್ದನ್ನು ತನ್ನದೆಂದು ಕೊಟ್ಟರೆ ಕಾಮನ್ ಆ್ಯಪ್ ಅದನ್ನು ವಂಚನೆ ಎಂದೇ ನೋಡುತ್ತದೆ. ಅದಕ್ಕಿಂತ ಹೆಚ್ಚಾಗಿ, ತನ್ನ ಬಗ್ಗೆ ತಾನೇ ಯೋಚಿಸುವ ಅವಕಾಶ ಮಗುವಿನ ಕೈತಪ್ಪುತ್ತದೆ.

ಹಾಗಾದರೆ ಹೆತ್ತವರ ಕೆಲಸ ಏನು? ದುಡ್ಡಿನ ಮಾತು. ಅದನ್ನು ಕಾಲೇಜುಗಳ ಪಟ್ಟಿ ಮಾಡುವ ಮುಂಚೆಯೇ, ಮಗುವನ್ನು ಎದುರು ಕೂರಿಸಿಕೊಂಡು ಆಡಬೇಕು. ಕೆಲವು ಖಾಸಗಿ ಕಾಲೇಜುಗಳ ಒಟ್ಟು ಖರ್ಚು ವರ್ಷಕ್ಕೆ 90,000 ಡಾಲರ್ ದಾಟುತ್ತದೆ. ಪ್ರತಿ ಕಾಲೇಜಿನ ಜಾಲತಾಣದಲ್ಲೂ ನಿಮ್ಮ ಮನೆಗೆ ಸುಮಾರು ಎಷ್ಟು ಬೀಳಬಹುದು ಅಂತ ತೋರಿಸುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರುತ್ತದೆ, ಇಲ್ಲಿನ ಮನೆಗಳಿಗೆ ಅದು ಬಹಳ ಉಪಯೋಗ. ನವೆಂಬರಿನಲ್ಲಿ ಹಾಕುವ ಅರ್ಲಿ ಡಿಸಿಷನ್ ಅರ್ಜಿಯಲ್ಲಿ, ಸೀಟು ಸಿಕ್ಕರೆ ಅಲ್ಲೇ ಸೇರುತ್ತೇನೆ ಎಂಬ ಒಪ್ಪಂದಕ್ಕೆ ಅಪ್ಪ ಅಮ್ಮನೂ ಸಹಿ ಹಾಕಬೇಕು. ಖರ್ಚಿನ ಲೆಕ್ಕ ಗೊತ್ತಿಲ್ಲದೆ ಆ ಸಹಿ ಹಾಕಬೇಡಿ. ಇನ್ನೊಂದು, ಅಮೆರಿಕದ ಕೇಂದ್ರ ಸರ್ಕಾರದ ನೆರವು ಸಿಗುವುದು ಇಲ್ಲಿನ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವಂಥವರಿಗೆ. ಚಿಕ್ಕಂದಿನಿಂದ ಇಲ್ಲೇ ಬೆಳೆದರೂ ಎಚ್-4 ವೀಸಾದ (ಅಪ್ಪ ಅಥವಾ ಅಮ್ಮನ ಕೆಲಸದ ವೀಸಾದ ಮೇಲೆ ಇಲ್ಲಿರುವ) ಮಕ್ಕಳಿಗೆ ಅದು ಇಲ್ಲ. ಆ ಮಕ್ಕಳಿಗೆ ಇದು ಮೊದಲೇ ಗೊತ್ತಿರಲಿ.

ಕಮ್ಯುನಿಟಿ ಕಾಲೇಜು, ಅಂದರೆ ಕಡಿಮೆ ಫೀಸಿನ, ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜು ಎಂದರೆ ನಮ್ಮವರು ಮುಖ ಸಿಂಡರಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಅಲ್ಲಿ ಎರಡು ವರ್ಷ ಓದಿ, ಹೇಳಿದಷ್ಟು ಗ್ರೇಡ್ ಉಳಿಸಿಕೊಂಡರೆ, ಡೇವಿಸ್, ಇರ್ವೈನ್ ಸೇರಿದಂತೆ ಆರು ಯುಸಿ ಕ್ಯಾಂಪಸ್‌ಗಳು ಸೀಟಿನ ಖಾತರಿ ಕೊಡುತ್ತವೆ, ಕೆಲವು ಕೋರ್ಸುಗಳನ್ನು ಬಿಟ್ಟು. ಪದವಿ ಯುಸಿಯದೇ. ನಮ್ಮ ಮನೆಯ ಪಟ್ಟಿಯಲ್ಲಿ ಈ ದಾರಿಯೂ ಇದೆ.

ಊರಿಂದಲೇ ಅರ್ಜಿ ಹಾಕುವವರಿಗೆ: ಹೊರದೇಶದ ಮಕ್ಕಳ ವಿಷಯದಲ್ಲಿ ಹಣದ ಅಗತ್ಯವನ್ನು ಲೆಕ್ಕಿಸದೆ ಆರಿಸಿ, ಬೇಕಾದ ನೆರವು ಪೂರ್ತಿ ಕೊಡುವ ಕಾಲೇಜುಗಳು ಬೆರಳೆಣಿಕೆಯಷ್ಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್ಹರ್ಸ್ಟ್ ಅಂಥವು. ಅಲ್ಲಿ ಸೀಟು ಸಿಗುವುದು ತೀರಾ ಕಷ್ಟ, ಅದೊಂದನ್ನೇ ನಂಬಿ ಕೂರಬೇಡಿ. ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಗಳು ಸಾಲುವುದಿಲ್ಲ, ಒಂಬತ್ತನೇ ತರಗತಿಯದನ್ನೂ ಕೇಳುತ್ತಾರೆ, ಶಾಲೆ ಬಿಡುವಾಗಲೇ ಸಹಿ, ಮೊಹರು ಹಾಕಿಸಿ ಇಟ್ಟುಕೊಳ್ಳಿ. ಶಿಫಾರಸು ಪತ್ರವನ್ನು ಮಗುವನ್ನು ಚೆನ್ನಾಗಿ ಬಲ್ಲ ಮೇಷ್ಟ್ರ ಹತ್ತಿರ ಕೇಳಿ, ಅವರಿಗೆ ಕಡೇಪಕ್ಷ ಒಂದೆರಡು ತಿಂಗಳು ಟೈಮ್ ಕೊಡಿ. ಪತ್ರವನ್ನು ಅವರೇ ಆನ್‌ಲೈನ್‌ನಲ್ಲಿ ಹಾಕಬೇಕಾಗುತ್ತದೆ, ಅವರ ಇಮೇಲ್ ಸರಿಯಾಗಿದೆಯಾ ಅಂತ ಮೊದಲೇ ನೋಡಿಕೊಳ್ಳಿ.