ಸೂಪರ್‌ಕಂಡಕ್ಟರ್ ಟೇಪ್ ಪ್ರಾಜೆಕ್ಟ್: ಬಿಲ್ಲೆಗೂ ಟೇಪಿಗೂ ಹತ್ತು ಸಾವಿರ ಪಟ್ಟು ಅಂತರ

ಕೊನೆಗೂ ಎರಡನ್ನೂ ಒಂದೇ ಡಬ್ಬದ ದ್ರವ ಸಾರಜನಕದಲ್ಲಿ ಮುಳುಗಿಸಿ, ಪ್ರತಿರೋಧವಿಲ್ಲದೆ ಎಷ್ಟು ಕರೆಂಟ್ ಹೊರುತ್ತವೆ ಅಂತ ಅಳೆದೆ. ಒಂದು, ನಾನೇ ಕುಲುಮೆಯಲ್ಲಿ ಸುಟ್ಟ ವೈಬಿಸಿಒ ಬಿಲ್ಲೆಯಿಂದ ಕೊಯ್ದ ಕಡ್ಡಿ. ಇನ್ನೊಂದು, ಕೊಂಡು ತರಿಸಿದ 4 ಮಿಲಿಮೀಟರ್ ಅಗಲದ ಟೇಪ್. ಇಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕ ಸೇರಿದ ಅದೇ ಸಂಯುಕ್ತ ಎರಡರಲ್ಲೂ ಇದೆ. ಎರಡೂ ಸುಮಾರು 92 ಕೆಲ್ವಿನ್‌ಗಿಂತ (ಮೈನಸ್ 181 ಡಿಗ್ರಿ ಸೆಲ್ಸಿಯಸ್) ಕೆಳಗೆ ಪ್ರತಿರೋಧ ಕಳೆದುಕೊಳ್ಳುತ್ತವೆ. ಕಡ್ಡಿಯ ಅಡ್ಡಕೊಯ್ತ 2 ಮಿ.ಮೀ. × 3 ಮಿ.ಮೀ., ಅದು 12 ಆಂಪಿಯರ್‌ಗೇ ಸುಸ್ತಾಯಿತು. ಟೇಪಿನಲ್ಲಿ ಸೂಪರ್‌ಕಂಡಕ್ಟರ್ ಪದರದ ದಪ್ಪ ಬರೀ ಒಂದೂವರೆ ಮೈಕ್ರಾನ್, ಆದರೂ 120 ಆಂಪಿಯರ್ ಹೊತ್ತಿತು! ಲೆಕ್ಕ ಹಾಕಿದರೆ ಚದರ ಸೆಂಟಿಮೀಟರಿಗೆ ಕಡ್ಡಿಯಲ್ಲಿ 200 ಆಂಪಿಯರ್, ಟೇಪಿನಲ್ಲಿ 20 ಲಕ್ಷ.

ಹಾಸನದಲ್ಲಿ ದ್ರವ ಸಾರಜನಕ ಎಲ್ಲಿ ಸಿಗುತ್ತೆ ಅಂತ ತುಂಬಾ ಜನ ಕೇಳಿದ್ದೀರಿ. ಹಸುಗಳಿಗೆ ಇಂಜೆಕ್ಷನ್ ಹಾಕುವವರ ಕ್ಯಾನ್ ನೋಡಿದ್ದೀರಲ್ವಾ, ವೀರ್ಯದ ಸ್ಟ್ರಾಗಳನ್ನು ಇಡುವುದು? ಅದರಲ್ಲಿ ಇರೋದು ಇದೇ. ಅವರಿಗೆ ತುಂಬಿಸಿಕೊಡುವವರಿಂದಲೇ ನಾನೂ ತಂದೆ. ಕರೆಂಟಿಗೆ ಕಾರ್ ಬ್ಯಾಟರಿ, ಬಕೆಟ್ ನೀರಲ್ಲಿ ಮುಳುಗಿಸಿದ ಜಿಐ ತಂತಿಯೇ ರೆಸಿಸ್ಟರ್, ಒಂದೆರಡು ಸೆಕೆಂಡ್ ಮಾತ್ರ ಹರಿಸುವುದು. ಟೇಪಿನ ಮೇಲೆ 5 ಸೆಂ.ಮೀ. ಅಂತರದಲ್ಲಿ ಎರಡು ತೆಳು ತಂತಿ ಬೆಸೆದಿದ್ದೇನೆ, ತವರ-ಬಿಸ್ಮತ್ ಬೆಸುಗೆಯಲ್ಲಿ, ಯಾಕೆಂದರೆ ಜಾಸ್ತಿ ಬಿಸಿ ತಗುಲಿದರೆ ಪದರದಿಂದ ಆಮ್ಲಜನಕ ಹೊರಟುಹೋಗುತ್ತದೆ. ಸೆಂಟಿಮೀಟರಿಗೆ 1 ಮೈಕ್ರೋವೋಲ್ಟ್, ಅಂದರೆ ಇಲ್ಲಿ 5 ಮೈಕ್ರೋವೋಲ್ಟ್ ಕಂಡ ಕೂಡಲೇ ಅದೇ ಮಿತಿ. ಬೆಸುಗೆಗಳ ಬಿಸಿ-ತಂಪಿನ ವ್ಯತ್ಯಾಸವೇ ಕೆಲವು ಮೈಕ್ರೋವೋಲ್ಟ್ ಕೊಡುವುದರಿಂದ ಕರೆಂಟ್ ತಿರುಗಿಸಿ ಎರಡು ಸಲ ಓದಲೇಬೇಕು.

ಇಷ್ಟು ಅಂತರ ಯಾಕೆ? ಬಿಲ್ಲೆಯ ಒಂದು ತುಂಡನ್ನು ಉಜ್ಜಿ ನುಣುಪು ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಕಪ್ಪು ತೂತುಗಳು, ನಡುವೆ ಮನಬಂದ ದಿಕ್ಕಿಗೆ ಬಿದ್ದಿರುವ ಹರಳುಕಣಗಳು. ಒಂದೊಂದು ಕಣದ ಒಳಗೆ ಕರೆಂಟ್ ಸಲೀಸಾಗಿ ಹೋಗುತ್ತೆ, ಕಣದ ಅಂಚು ಬಂದಾಗ ಗದ್ದೆಯ ಬದುವಿಗೆ ನೀರು ತಗುಲಿದ ಹಾಗೆ ನಿಲ್ಲುತ್ತೆ. 1988ರಲ್ಲಿ ಐಬಿಎಂನ ಡಿಮೋಸ್, ಪ್ರವೀಣ್ ಚೌಧರಿ ಮತ್ತು ಜೊತೆಯವರು ಎರಡೇ ಹರಳುಗಳನ್ನು ಬೇಕಾದ ಕೋನಕ್ಕೆ ಕೂಡಿಸಿ ಇದನ್ನು ತೋರಿಸಿದರು. ಕೋನ ಹೆಚ್ಚಾದಂತೆ ಅಂಚು ದಾಟುವ ಕರೆಂಟ್ ಭಾರೀ ವೇಗದಲ್ಲಿ ಇಳಿಯುತ್ತದೆ. ಈ ವಸ್ತುವಿನಲ್ಲಿ ಪ್ರತಿರೋಧವಿಲ್ಲದೆ ಕರೆಂಟ್ ಹೊರುವ ಎಲೆಕ್ಟ್ರಾನ್ ಜೋಡಿಯ ಹರವು ಒಂದೆರಡು ನ್ಯಾನೋಮೀಟರ್ ಅಷ್ಟೇ, ಹಾಗಾಗಿ ಅಂಚಿನಲ್ಲಿ ನಾಲ್ಕಾರು ಪರಮಾಣು ಸಾಲು ಕೆಟ್ಟಿದ್ದರೂ ಸಾಕು, ಅದು ಗೋಡೆಯೇ.

ಟೇಪ್ ಮಾಡುವವರು ಈ ಕೋನವನ್ನೇ ಕೆಲವೇ ಡಿಗ್ರಿಗೆ ಇಳಿಸಿದ್ದಾರೆ. ಹ್ಯಾಸ್ಟೆಲಾಯ್ ಎಂಬ ನಿಕಲ್ ಮಿಶ್ರಲೋಹದ ಪಟ್ಟಿಯ ಮೇಲೆ ಮೆಗ್ನೀಸಿಯಂ ಆಕ್ಸೈಡ್ ಕೂರಿಸುವಾಗ ಓರೆಯಾಗಿ ಅಯಾನ್ ಕಿರಣ ಬಿಡುತ್ತಾರೆ, ಆಗ ಆ ಹರಳುಗಳೆಲ್ಲ ಒಂದೇ ದಿಕ್ಕಿಗೆ ತಿರುಗುತ್ತವೆ, ಮೇಲಿನ ಪದರಗಳು ಅದನ್ನೇ ಅನುಸರಿಸಿ ಬೆಳೆಯುತ್ತವೆ. ನೂರಾರು ಮೀಟರ್ ಉದ್ದದ ಲೋಹದ ಪಟ್ಟಿಯ ಮೇಲೆ ಹೆಚ್ಚುಕಮ್ಮಿ ಒಂದೇ ಹರಳು! ನನಗಂತೂ ಇದಕ್ಕಿಂತ ದೊಡ್ಡ ಕೈಚಳಕ ಕಾಣಲಿಲ್ಲ.

ಆಮೇಲೆ ನಿಯೋಡಿಮಿಯಂ ಆಯಸ್ಕಾಂತ ಇಟ್ಟು ನೋಡಿದೆ. ಸುಮಾರು 0.3 ಟೆಸ್ಲಾ ಕ್ಷೇತ್ರ ಟೇಪಿನ ಮುಖಕ್ಕೆ ನೇರ ಬಿದ್ದಾಗ 120 ಇದ್ದದ್ದು 55ಕ್ಕೆ ಇಳಿಯಿತು. ಮುಖಕ್ಕೆ ಸಮಾಂತರ ಮಾಡಿದರೆ 90. ಕ್ಷೇತ್ರ ಒಳಗೆ ನುಗ್ಗುವುದು ಸಣ್ಣ ಸುಳಿಗಳಾಗಿ, ಕರೆಂಟ್ ಅವನ್ನು ತಳ್ಳುತ್ತದೆ, ಸುಳಿ ಜರುಗಿದರೆ ವೋಲ್ಟೇಜ್ ಹುಟ್ಟುತ್ತದೆ. ಜರುಗದಂತೆ ಹಿಡಿದಿಡೋದು ಯಾರು? ಹರಳಿನ ಒಳಗಿನ ಪುಟ್ಟ ದೋಷಗಳು. ನನಗೆ ಈ ಪ್ರಾಜೆಕ್ಟಿನಲ್ಲಿ ತುಂಬಾ ಹಿಡಿಸಿದ್ದು ಇದೇ: ಕಣಗಳ ನಡುವೆ ದೋಷ ಇರಬಾರದು, ಕಣದ ಒಳಗೆ ನ್ಯಾನೋಮೀಟರ್ ಗಾತ್ರದ ದೋಷ ಇರಲೇಬೇಕು. ಅದಕ್ಕೇ ಕೆಲವರು ಬೇರಿಯಂ ಜಿರ್ಕೋನೇಟನ್ನು ಬೇಕಂತಲೇ ಸೇರಿಸುತ್ತಾರೆ. ಅದು ಸಣ್ಣ ಕಂಬಗಳಾಗಿ ಪದರದೊಳಗೆ ನಿಂತು, ಮುಖಕ್ಕೆ ನೇರ ಬೀಳುವ ಕ್ಷೇತ್ರದ ಸುಳಿಗಳನ್ನು ಉದ್ದಕ್ಕೂ ಹಿಡಿಯುತ್ತದೆ.

ಮುಂದಿನ ಕೆಲಸ: ಜಿರ್ಕೋನೇಟ್ ಇರುವ ಟೇಪ್ ತರಿಸಿ, ಅದೇ ಆಯಸ್ಕಾಂತದ ಮುಂದೆ ಹತ್ತು ಹತ್ತು ಡಿಗ್ರಿ ತಿರುಗಿಸುತ್ತಾ ಅಳೆಯುವುದು. ಬಿಲ್ಲೆಯ ಕಣಗಳ ದಿಕ್ಕು ಸರಿಯಾಗಿ ನೋಡಲು ಪೋಲರೈಸಿಂಗ್ ಮೈಕ್ರೋಸ್ಕೋಪ್ ಬೇಕಾಗಿದೆ. ಹಾಸನ, ಚಿಕ್ಕಮಗಳೂರು ಕಡೆ ಯಾರ ಹತ್ತಿರವಾದರೂ ಇದ್ದರೆ ಹೇಳಿ, ಉಜ್ಜಿದ ತುಂಡುಗಳನ್ನು ಹಿಡಿದುಕೊಂಡು ನಾನೇ ಬರುತ್ತೇನೆ.