420ರಿಂದ 931ಕ್ಕೆ: ಒಂದೇ ಕೋರ್ ದುಡಿಯುತ್ತಿದ್ದ ನನ್ನ ರೌಟರ್

ನಿನ್ನೆ ರಾತ್ರಿ ಹನ್ನೊಂದೂವರೆಗೆ ಪರದೆಯ ಮೇಲೆ ನನ್ನ ರೌಟರಿನ ವೇಗ 931 ಎಂಬಿಪಿಎಸ್ ಎಂದು ಬಂತು. ನಂಬಿಕೆಯಾಗದೆ ಮತ್ತೊಮ್ಮೆ ಓಡಿಸಿದೆ. 930. ಮೂರನೇ ಸಲ 931. ಆರು ವಾರದ ಹಿಂದೆ 420 ದಾಟಲ್ಲ ಅಂತ ಹಠ ಹಿಡಿದು ಕೂತಿದ್ದ ಡಬ್ಬಿ ಇದು. ಮನೆಯವರೆಲ್ಲ ಮಲಗಿದ್ದರು, ಇಲ್ಲದಿದ್ದರೆ ಜೋರಾಗಿ ಕೂಗಿಯೇ ಬಿಡುತ್ತಿದ್ದೆ.

ಬೋರ್ಡ್ ಪಿಸಿ ಎಂಜಿನ್ಸ್‌ನ ಎಪಿಯು2ಇ4. ಸ್ವಿಟ್ಜರ್‌ಲೆಂಡಿನ ಆ ಕಂಪನಿ ಈ ಬೋರ್ಡುಗಳನ್ನು ನಿಲ್ಲಿಸುವುದಾಗಿ 2023ರಲ್ಲೇ ಹೇಳಿತು. ನನಗೆ ಸಿಕ್ಕಿದ್ದು ಜರ್ಮನಿಯಲ್ಲಿರುವ ಗೆಳೆಯನ ಹಳೆಯ ಬೋರ್ಡು. ಪ್ರೊಸೆಸರಿನಲ್ಲಿ ನಾಲ್ಕು ಕೋರ್ (ಬೇರೆ ಬೇರೆಯಾಗಿ ದುಡಿಯುವ ಘಟಕಗಳು), ಒಂದು ಗಿಗಾಹರ್ಟ್ಸ್, 4 ಜಿಬಿ ಇಸಿಸಿ ಮೆಮೊರಿ, ಇಂಟೆಲ್ ಐ210 ನೆಟ್‌ವರ್ಕ್ ಚಿಪ್ಪಿನ ಮೂರು ಪೋರ್ಟ್. ಫ್ಯಾನ್ ಇಲ್ಲ, ಪ್ರೊಸೆಸರಿನ ಬಿಸಿಯೆಲ್ಲ ಅಲ್ಯೂಮಿನಿಯಂ ಕೇಸಿಗೆ ಇಳಿಯುತ್ತೆ. ಜೋಡಣೆ, ಓಎಸ್ ಹಾಕುವುದು, ಓಎನ್‌ಟಿಯನ್ನು (ಫೈಬರ್ ಬಂದು ಸೇರುವ ಡಬ್ಬಿ) ಬ್ರಿಜ್ ಮೋಡಿಗೆ, ಅಂದರೆ ರೌಟರ್ ಕೆಲಸವನ್ನು ನಮ್ಮ ಬೋರ್ಡಿಗೇ ಬಿಡುವ ಹಾಗೆ, ತರುವುದು ಇದನ್ನೆಲ್ಲ ಬಿಡುತ್ತೇನೆ, ನಿಮಗೆ ಗೊತ್ತೇ ಇದೆ. ಎರಡು ವಿಷಯ ಮಾತ್ರ ಹೇಳಲೇಬೇಕು.

ಈ ಬೋರ್ಡಿಗೆ ವಿಡಿಯೊ ಔಟ್‌ಪುಟ್ ಇಲ್ಲ. ಸೀರಿಯಲ್ ಪೋರ್ಟಿನಲ್ಲೇ ಮಾತಾಡಬೇಕು, ಅದಕ್ಕೆ ಕಳಿಸುವ ಮತ್ತು ಪಡೆಯುವ ತಂತಿ ಅದಲುಬದಲಾಗಿರುವ ನಲ್ ಮೋಡೆಮ್ ಕೇಬಲ್ ಬೇಕು. ಮೈಸೂರಿನಲ್ಲಿ ಸಿಗಲಿಲ್ಲ ಅಂತ ರೈಲು ಹತ್ತಿ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋದೆ. ಒಂದು ಅಂಗಡಿಯಲ್ಲಿ ‘ಇದೇ ಸಾರ್, ನಲ್ ಮೋಡೆಮ್’ ಅಂತ ಕೊಟ್ಟರು. ಮನೆಗೆ ಬಂದು ಮಲ್ಟಿಮೀಟರ್ ಇಟ್ಟರೆ 2ನೇ ಪಿನ್ನು ಆ ಕಡೆಯೂ 2ಕ್ಕೇ ಹೋಗಿದೆ. ಅಂದರೆ ನೇರ ಕೇಬಲ್. ಕೊನೆಗೆ ಅದನ್ನೇ ಕತ್ತರಿಸಿ, 2 ಮತ್ತು 3ನ್ನು ಅದಲುಬದಲು ಮಾಡಿ ಬೆಸುಗೆ ಹಾಕಿದೆ. ಇನ್ನೊಂದು, ಪವರ್ ಜ್ಯಾಕ್. ಇದಕ್ಕೆ ಬೇಕಾದ್ದು 2.5 ಮಿಲಿಮೀಟರ್ ಪಿನ್ನಿನದು. ನಮ್ಮಲ್ಲಿ ಎಲ್ಲ ಕಡೆ ಸಿಗೋದು 2.1ರದು. ನೋಡೋಕೆ ಎರಡೂ ಒಂದೇ ಥರ, ಆದರೆ ಒಳಗೆ ಹೋಗಲ್ಲ. ಅಡಾಪ್ಟರ್ ಕೊಳ್ಳುವ ಮೊದಲು ಕೇಳಿ ತಗೊಳ್ಳಿ.

ಈಗ ಅಸಲಿ ವಿಷಯ. ನನ್ನ ಪ್ಲಾನ್ ಒಂದು ಗಿಗಾಬಿಟ್, ಸಂಪರ್ಕ ಪಿಪಿಪಿಒಇ, ಅಂದರೆ ಹೆಸರು, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ಬಗೆ. ಕಂಪನಿ ಕೊಟ್ಟ ಪುಟ್ಟ ಪ್ಲಾಸ್ಟಿಕ್ ರೌಟರ್ ಹಾಕಿದರೆ 900ಕ್ಕೆ ಮೇಲೆ ಬರುತ್ತೆ. ಓಪಿಎನ್‌ಸೆನ್ಸ್ ಎಂಬ ರೌಟರ್ ಓಎಸ್ ಹಾಕಿದ ನನ್ನ ಬೋರ್ಡು ಇಟ್ಟರೆ ಡೌನ್‌ಲೋಡ್ 420. ಅಂಥ ರೌಟರುಗಳಲ್ಲಿ ನ್ಯಾಟ್ (ಮನೆಯೊಳಗಿನ ವಿಳಾಸಗಳನ್ನು ಹೊರಗಿನ ಒಂದೇ ವಿಳಾಸಕ್ಕೆ ಬದಲಿಸುವ) ಕೆಲಸವನ್ನು ಚಿಪ್‌ನೊಳಗಿನ ಬೇರೆ ಯಂತ್ರಾಂಶವೇ ಮಾಡಿಬಿಡುತ್ತೆ, ಪ್ರೊಸೆಸರಿಗೆ ಸುದ್ದಿಯೇ ಇರಲ್ಲ. ನಮ್ಮದರಲ್ಲಿ ಪ್ರತಿ ಪ್ಯಾಕೆಟ್ಟೂ ಪ್ರೊಸೆಸರಿನ ಕೈ ಮೇಲೇ ಹಾದುಹೋಗಬೇಕು. ಅದು ಗೊತ್ತಿದ್ದರೂ, ನಾಲ್ಕು ಕೋರ್ ಇಟ್ಟುಕೊಂಡು ಅರ್ಧಕ್ಕೂ ಬರಲ್ಲ ಅಂದರೆ ಮನಸ್ಸಿಗೆ ಸಮಾಧಾನ ಇರಲಿಲ್ಲ.

ಮೊದಲ ಅನುಮಾನ ಕೇಬಲ್ ಮೇಲೆ. ಕ್ಯಾಟ್ 6 ಅಂತ ಮಾರಿದ್ದ ಕೇಬಲಿನ ಒಂದು ಎಳೆ ಬಿಚ್ಚಿ ಬ್ಲೇಡಿನಿಂದ ಕೆರೆದು ನೋಡಿದೆ. ಮೇಲೆ ತಾಮ್ರದ ಬಣ್ಣ, ಒಂದು ಗೀರು ಬಿದ್ದ ತಕ್ಷಣ ಬೆಳ್ಳಗೆ ಹೊಳೆಯಿತು. ತಾಮ್ರದ ನೀರು ಕುಡಿಸಿದ ಅಲ್ಯೂಮಿನಿಯಂ! ಎರಡು ಸಲ ಬಗ್ಗಿಸಿದರೆ ಲಟ್ ಅಂತ ಮುರಿಯಿತು. ದುಡ್ಡು ಕೊಟ್ಟವರಿಗೆ ಇದು ಮೋಸ ಅಲ್ವಾ? ಪೂರ್ತಿ ಕಿತ್ತು, ಶುದ್ಧ ತಾಮ್ರದ್ದನ್ನು ಹುಡುಕಿ ತಂದು, ಮನೆಯೆಲ್ಲ ಹೊಸದಾಗಿ ಎಳೆದೆ. ಒಂದು ಭಾನುವಾರ ಅದಕ್ಕೇ ಹೋಯಿತು. ಆಮೇಲೆ ಅಳೆದರೆ 422. ಕೇಬಲ್ ಕೆಟ್ಟದ್ದು ಹೌದು, ಆದರೆ ಕಾರಣ ಅದಲ್ಲ.

ಅಲ್ಲಿಂದ ಸ್ಪೀಡ್ ಟೆಸ್ಟ್ ಸೈಟುಗಳನ್ನು ನಂಬುವುದು ಬಿಟ್ಟೆ. ಸಂಜೆ ಒಂದು, ಬೆಳಗಿನ ಜಾವ ಇನ್ನೊಂದು ಸಂಖ್ಯೆ ಬರುತ್ತಿದ್ದರೆ ನಾನು ಮಾಡಿದ ಬದಲಾವಣೆಯಿಂದ ಏನಾಯಿತು ಅಂತ ತಿಳಿಯುವುದು ಹೇಗೆ? ಹಳೆಯ ಐ5 ಡೆಸ್ಕ್‌ಟಾಪ್ ಒಂದರಲ್ಲಿ ಆಕ್ಸೆಲ್-ಪಿಪಿಪಿ ಎಂಬ ತಂತ್ರಾಂಶ ಹಾಕಿ ಮನೆಯಲ್ಲೇ ಪಿಪಿಪಿಒಇ ಸರ್ವರ್ ಮಾಡಿದೆ. ರೌಟರಿನ ವ್ಯಾನ್ (ಹೊರಗಿನ) ಪೋರ್ಟಿಗೆ ಆ ಡೆಸ್ಕ್‌ಟಾಪ್, ಲ್ಯಾನ್ (ಮನೆಯೊಳಗಿನ) ಪೋರ್ಟಿಗೆ ಲ್ಯಾಪ್‌ಟಾಪ್, ಎರಡರಲ್ಲೂ ವೇಗ ಅಳೆಯುವ ಐಪರ್ಫ್3. ಐಪರ್ಫ್ ಅನ್ನು ರೌಟರಿನ ಮೇಲೇ ಓಡಿಸಬೇಡಿ. ಇಷ್ಟು ಚಿಕ್ಕ ಪ್ರೊಸೆಸರಿನಲ್ಲಿ ಅದೇ ಅರ್ಧ ಶಕ್ತಿ ತಿಂದುಬಿಡುತ್ತೆ, ಅಳತೆ ಸುಳ್ಳಾಗುತ್ತೆ.

ಈ ಮನೆ ಲ್ಯಾಬಿನಲ್ಲಿ ಮೊದಲ ದಿನವೇ ಸುಳಿವು ಸಿಕ್ಕಿತು. ಪಿಪಿಪಿಒಇ ತೆಗೆದು ಬರೀ ನ್ಯಾಟ್ ಇಟ್ಟರೆ, ಎಂಟು ಸ್ಟ್ರೀಮಿನಲ್ಲಿ (ಒಟ್ಟಿಗೆ ಎಂಟು ಸಂಪರ್ಕ) ಎರಡೂ ದಿಕ್ಕಿಗೆ 941. ಪಿಪಿಪಿಒಇ ಇಟ್ಟರೆ ಅಪ್‌ಲೋಡ್ 780, ಡೌನ್‌ಲೋಡ್ 420. ಅದೇ ಬೋರ್ಡು, ಅದೇ ಕೇಬಲ್. ಒಂದು ದಿಕ್ಕು ಮಾತ್ರ ಯಾಕೆ ಕುಂಟುತ್ತೆ?

941 ಎಲ್ಲಿಂದ ಬಂತು ಅಂತ ಹೊಸಬರು ಕೇಳುತ್ತಾರೆ, ಲೆಕ್ಕ ಚೆನ್ನಾಗಿದೆ. 1500 ಬೈಟ್ ಪ್ಯಾಕೆಟ್ ತಂತಿಯ ಮೇಲೆ ತಲೆ, ಬಾಲ, ನಡುವಿನ ಖಾಲಿ ಜಾಗ ಸೇರಿ 1538 ಬೈಟ್ ಆಗುತ್ತೆ. ಅದರಲ್ಲಿ ನಿಜವಾದ ಸರಕು 1448, ಟಿಸಿಪಿ ಟೈಮ್‌ಸ್ಟ್ಯಾಂಪ್ ಇದ್ದಾಗ. ಭಾಗಿಸಿದರೆ ಗಿಗಾಬಿಟ್‌ಗೆ 941. ಪಿಪಿಪಿಒಇ ಇನ್ನೂ 8 ಬೈಟ್ ಕಸಿಯುತ್ತೆ, 1440 ಉಳಿಯುತ್ತೆ, ಆಗ ಮೇಲ್ಮಿತಿ 936. ನಾನು ಬೆನ್ನು ಹತ್ತಿದ್ದು ಈ 936ನ್ನು.

ರೌಟರಿನ ಡ್ಯಾಶ್‌ಬೋರ್ಡ್ ಸಿಪಿಯು 27% ಅಂತ ತೋರಿಸುತ್ತಿತ್ತು. ನೋಡಿದವರಿಗೆ ಪ್ರೊಸೆಸರ್ ಆರಾಮಾಗಿದೆ ಅನಿಸುತ್ತೆ. ಆದರೆ ನಾಲ್ಕು ಕೋರಿನಲ್ಲಿ 25% ಅಂದರೆ ಏನು? ಒಂದು ಕೋರ್ ಪೂರ್ತಿ ತುಂಬಿ, ಮೂರು ಖಾಲಿ ಕೂತರೂ ಅಷ್ಟೇ ಬರುತ್ತೆ. ಟಾಪ್‌ನಲ್ಲಿ ಕೋರ್‌ಗಳನ್ನು ಬೇರೆ ಬೇರೆ ಮಾಡಿ ನೋಡಿದೆ. ಹಾಗೇ ಇತ್ತು. ಸೊನ್ನೆಯನೇ ಕೋರ್ 100, ಉಳಿದವು ಸುಮ್ನೆ ಕೂತಿವೆ. ಇಂಟರಪ್ಟ್ (ಪ್ಯಾಕೆಟ್ ಬಂತು ಅಂತ ಕಾರ್ಡ್ ಪ್ರೊಸೆಸರನ್ನು ಕರೆಯುವುದು) ಎಣಿಕೆ ತೆಗೆದರೆ ವ್ಯಾನ್ ಪೋರ್ಟಿನ ನಾಲ್ಕು ಕ್ಯೂಗಳಲ್ಲಿ (ಸಾಲುಗಳಲ್ಲಿ) ಮೊದಲನೆಯದರ ಸಂಖ್ಯೆ ಆಟೋ ಮೀಟರಿನ ಹಾಗೆ ಏರುತ್ತಿದೆ. ಉಳಿದ ಮೂರರ ಸಂಖ್ಯೆ ಅಲುಗಾಡಲೂ ಇಲ್ಲ.

ಕಾರಣ ಇಷ್ಟು. ಅಂಚೆ ಕಚೇರಿಯಲ್ಲಿ ಕವರಿನ ಮೇಲಿನ ಪಿನ್‌ಕೋಡ್ ನೋಡಿ ಚೀಲಗಳಿಗೆ ಹಂಚುತ್ತಾರಲ್ಲ, ನೆಟ್‌ವರ್ಕ್ ಕಾರ್ಡೂ ಹಾಗೆಯೇ ಐಪಿ ವಿಳಾಸ ಮತ್ತು ಪೋರ್ಟ್ ನೋಡಿ ಪ್ಯಾಕೆಟ್ಟನ್ನು ನಾಲ್ಕು ಕ್ಯೂಗಳಿಗೆ ಹಂಚುತ್ತೆ. ಆರ್‌ಎಸ್‌ಎಸ್ ಅನ್ನೋದು ಇದಕ್ಕೇ. ಪಿಪಿಪಿಒಇ ಆ ಕವರಿನ ಮೇಲೆ ಇನ್ನೊಂದು ಕವರ್ ಹಾಕುತ್ತೆ. ಮೇಲಿನ ಗುರುತು ಹೆಕ್ಸ್‌ನಲ್ಲಿ 0800 ಇರುವ ಬದಲು 8864. ಐ210ಕ್ಕೆ ಅದರೊಳಗೆ ಇಣುಕಿ ನೋಡಲು ಬರಲ್ಲ. ವಿಳಾಸ ಕಾಣದಿದ್ದರೆ ಏನು ಮಾಡುತ್ತೆ? ಎಲ್ಲವನ್ನೂ ಮೊದಲನೇ ಚೀಲಕ್ಕೇ ಹಾಕುತ್ತೆ. ಅಪ್‌ಲೋಡ್ ಪ್ಯಾಕೆಟ್ಟುಗಳು ಲ್ಯಾನ್ ಕಡೆಯಿಂದ ಸಾದಾ ಐಪಿಯಾಗಿ ಒಳಗೆ ಬರುತ್ತವೆ, ಸರಿಯಾಗಿ ಹಂಚಿಕೆಯಾಗುತ್ತವೆ. ಅದಕ್ಕೇ ಆ ದಿಕ್ಕು ಚೆನ್ನಾಗಿತ್ತು! ಇದು ಹೊಳೆದಾಗ ಕೈಯಲ್ಲಿದ್ದ ಕಾಫಿ ಆರಿಹೋಗಿತ್ತು.

ಗಿಗಾಬಿಟ್ ತುಂಬಿದಾಗ ಸೆಕೆಂಡಿಗೆ ಸುಮಾರು 81,000 ದೊಡ್ಡ ಪ್ಯಾಕೆಟ್. ಒಂದೇ ಕೋರ್ ನೋಡಿಕೊಂಡರೆ ಒಂದೊಂದಕ್ಕೆ ಸಿಗೋದು 12 ಮೈಕ್ರೋಸೆಕೆಂಡ್. ಅಷ್ಟರಲ್ಲಿ ಕವರ್ ಬಿಚ್ಚಿ, ಫೈರ್‌ವಾಲ್ ದಾಟಿಸಿ, ನ್ಯಾಟ್ ಮಾಡಿ, ಆ ಕಡೆ ಕಳಿಸಬೇಕು. ಜೊತೆಗೆ ತಲುಪಿತು ಅಂತ ಎದುರು ಬರುವ ಅಕ್ನಾಲೆಜ್‌ಮೆಂಟುಗಳು. ಒಂದು ಗಿಗಾಹರ್ಟ್ಸಿನ ಕೋರಿಗೆ ಇದು ಜಾಸ್ತಿಯೇ.

ಓಪಿಎನ್‌ಸೆನ್ಸಿನ ತಳಹದಿ ಫ್ರೀಬಿಎಸ್‌ಡಿ. ಅದರಲ್ಲಿ ಇದಕ್ಕೆ ಗೊತ್ತಿರುವ ಮದ್ದು ನೆಟ್‌ಐಎಸ್‌ಆರ್ ಡಿಸ್ಪ್ಯಾಚನ್ನು ಡೆಫರ್ಡ್ ಮಾಡುವುದು, ಅಂದರೆ ಬಂದ ಪ್ಯಾಕೆಟ್ಟನ್ನು ಅಲ್ಲೇ ತಕ್ಷಣ ಮುಗಿಸದೆ ಸರದಿಗೆ ಹಾಕಿ ಬೇರೆ ಕೋರಿಗೂ ಬಿಡುವುದು. ಮಾಡಿದೆ, 560 ಬಂತು. ಈಗ ಎರಡು ಕೋರ್ ದುಡಿಯುತ್ತಿದ್ದವು, ಇನ್ನೆರಡು ಹಾಗೇ ಕೂತಿದ್ದವು. ಒಂದು ವಾರ ಅದರ ಸುತ್ತಲೇ ಸುತ್ತಿದೆ. ಓಪಿಎನ್‌ಸೆನ್ಸಿನ ಪರದೆಗಳು ನನಗೆ ತುಂಬಾ ಇಷ್ಟ, ಬಿಡಲು ಮನಸ್ಸಿರಲಿಲ್ಲ. ಆದರೂ ಎಂಸಾಟಾ ಡಿಸ್ಕ್ ತೆಗೆದಿಟ್ಟು, ಇನ್ನೊಂದರಲ್ಲಿ ಲಿನಕ್ಸ್ ಓಎಸ್ ಆದ ಡೆಬಿಯನ್ 12 ಹಾಕಿ, ಫೈರ್‌ವಾಲ್ ನಿಯಮಗಳನ್ನೆಲ್ಲ ಲಿನಕ್ಸಿನದೇ ಆದ ಎನ್ಎಫ್‌ಟೇಬಲ್ಸ್‌ನಲ್ಲಿ ಕೈಯಾರೆ ಬರೆದೆ. ಏನೂ ತಿದ್ದದೆ 700. ಇಲ್ಲೂ ಸೊನ್ನೆಯನೇ ಕೋರ್ 100ಕ್ಕೆ ಅಂಟಿಕೊಂಡಿತ್ತು, ಕಾರ್ಡಿನ ಕುರುಡು ಓಎಸ್ ಬದಲಿಸಿದರೆ ಹೋಗಲ್ಲವಲ್ಲ.

ಆದರೆ ಲಿನಕ್ಸ್‌ನಲ್ಲಿ ಆರ್‌ಪಿಎಸ್ ಇದೆ. ಕಾರ್ಡ್ ಹಂಚದಿದ್ದರೆ ಓಎಸ್‌ನ ತಿರುಳಾದ ಕರ್ನಲ್ ತಾನೇ ಹಂಚುತ್ತೆ, ಮತ್ತು ಕರ್ನಲ್‌ಗೆ ಪಿಪಿಪಿಒಇ ಕವರಿನೊಳಗೆ ಇಣುಕಲು ಬರುತ್ತೆ! ವ್ಯಾನ್ ಪೋರ್ಟಿನ ಮೊದಲ ಕ್ಯೂಗೆ ಯಾವ ಯಾವ ಕೋರ್ ಬಳಸಬಹುದು ಅಂತ ಒಂದು ಮಾಸ್ಕ್ ಕೊಡಬೇಕು. ನಾಲ್ಕಕ್ಕೂ ಕೊಟ್ಟಾಗ 890. ಸೊನ್ನೆಯನೇ ಕೋರನ್ನು ಇಂಟರಪ್ಟಿಗೇ ಬಿಟ್ಟು ಉಳಿದ ಮೂರಕ್ಕೆ ಮಾತ್ರ ಕೊಟ್ಟೆ, ಅಂದರೆ ಮಾಸ್ಕ್ 14 (1, 2, 3ನೇ ಕೋರಿಗೆ 2+4+8), ಹೆಕ್ಸ್‌ನಲ್ಲಿ ‘ಇ’. ಎಂಟು ಸ್ಟ್ರೀಮಿನ ಪರೀಕ್ಷೆ ಓಡಿಸಿದೆ. ಆಗ ಬಂದಿದ್ದೇ ಆ 931. ಒಂದು ಅಕ್ಷರ ಬರೆದಿದ್ದಕ್ಕೆ 231 ಎಂಬಿಪಿಎಸ್! ಈ ಸೆಟ್ಟಿಂಗ್ ರೀಬೂಟ್ ಆದರೆ ಹೋಗುತ್ತೆ, ಬೂಟ್ ಆದಾಗಲೆಲ್ಲ ತಾನೇ ಓಡುವಂತೆ ಮರೆಯದೆ ಸಿಸ್ಟಮ್‌ಡಿಯಲ್ಲಿ ಒಂದು ಚಿಕ್ಕ ಯೂನಿಟ್ ಮಾಡಿಡಿ.

ಇಲ್ಲಿಗೆ ಮಲಗಬಹುದಿತ್ತು. ಒಂದೇ ಸ್ಟ್ರೀಮಿನಲ್ಲಿ ನೋಡೋಣ ಅಂತ ಓಡಿಸಿದೆ. 760. ಒಂದು ಸಂಪರ್ಕದ ಪ್ಯಾಕೆಟ್ಟುಗಳನ್ನು ಆರ್‌ಪಿಎಸ್ ಒಂದೇ ಕೋರಿಗೆ ಕಳಿಸುತ್ತೆ, ಕ್ರಮ ತಪ್ಪಬಾರದು ಅಂತ. ದೊಡ್ಡ ಫೈಲ್ ಒಂದನ್ನು ಇಳಿಸುವಾಗ ಇದೇ ಅಡ್ಡ ಬರುತ್ತೆ. ಇದಕ್ಕೆ ಫ್ಲೋಟೇಬಲ್ ಇದೆ. ಸಂಪರ್ಕ ಶುರುವಾದ ಮೇಲೆ ಅದರ ಮುಂದಿನ ಪ್ಯಾಕೆಟ್ಟುಗಳು ಎಲ್ಲ ನಿಯಮಗಳ ಮುಂದೆ ಹಾಜರಿ ಹಾಕದೆ ಒಳದಾರಿಯಲ್ಲಿ ದಾಟಿಹೋಗುತ್ತವೆ. ಕರ್ನಲ್ 5.13ರಿಂದ ಅದಕ್ಕೆ ಪಿಪಿಪಿಒಇ ಕೂಡ ಗೊತ್ತು. ಡೆಬಿಯನ್ 12ರಲ್ಲಿರುವುದು 6.1.

ಇದನ್ನು ಹಾಕುವಾಗ ಆದದ್ದನ್ನು ದಯವಿಟ್ಟು ಗಮನಿಸಿ. ಫ್ಲೋಟೇಬಲ್‌ನ ಸಾಧನಗಳ ಪಟ್ಟಿಯಲ್ಲಿ ನಾನು ಪಿಪಿಪಿ0 ಅಂತ, ಅಂದರೆ ಪಿಪಿಪಿಒಇ ಲಾಗಿನ್ ಆದಮೇಲೆ ಹುಟ್ಟುವ ಸಂಪರ್ಕದ ಹೆಸರನ್ನು, ಬರೆದೆ. ಚೆನ್ನಾಗಿ ಲೋಡ್ ಆಯಿತು. ರೀಬೂಟ್ ಮಾಡಿದೆ. ಬೂಟ್ ಆಗುವ ಹೊತ್ತಿಗೆ ಪಿಪಿಪಿ0 ಇನ್ನೂ ಹುಟ್ಟಿರಲ್ಲ. ಎನ್ಎಫ್‌ಟೇಬಲ್ಸ್ ಇಡೀ ಫೈಲನ್ನು ಒಟ್ಟಿಗೆ ಒಪ್ಪುತ್ತೆ, ಇಲ್ಲವೇ ಒಟ್ಟಿಗೆ ತಿರಸ್ಕರಿಸುತ್ತೆ. ಸಾಧನ ಇಲ್ಲ ಅಂತ ಪೂರ್ತಿ ತಿರಸ್ಕರಿಸಿತು. ಅಂದರೆ ಫೈರ್‌ವಾಲೇ ಇಲ್ಲ! ನ್ಯಾಟ್ ಕೂಡ ಇಲ್ಲದ್ದರಿಂದ ಇಂಟರ್‌ನೆಟ್ ಬರಲಿಲ್ಲ, ಅದರಿಂದಲೇ ತಕ್ಷಣ ಗೊತ್ತಾಯಿತು. ಲ್ಯಾಬಿನಲ್ಲಿದ್ದಾಗಲೇ ಇದು ಆಗಿದ್ದು ಪುಣ್ಯ. ಪಟ್ಟಿಯಲ್ಲಿ ಪಿಪಿಪಿ0 ಬದಲು ನಿಜವಾದ ವ್ಯಾನ್ ಮತ್ತು ಲ್ಯಾನ್ ಪೋರ್ಟುಗಳ ಹೆಸರು ಬರೆಯಿರಿ. ಪಿಪಿಪಿಒಇ ಕವರನ್ನು ಕರ್ನಲ್ ತಾನೇ ಬಿಚ್ಚಿಕೊಳ್ಳುತ್ತೆ. ಸರಿ ಮಾಡಿದ ಮೇಲೆ ಒಂದೇ ಸ್ಟ್ರೀಮಿನಲ್ಲಿ 915. ಯಾವ ಕೋರೂ 60% ದಾಟಲಿಲ್ಲ. ಒಂದು ಗಂಟೆ ಬಿಡದೆ ಓಡಿಸಿ ಕೇಸಿನ ತಳ ಮುಟ್ಟಿ ನೋಡಿದೆ, ಹಿಂದೆ ಕೈ ಹಿಂದೆಗೆಯುವ ಹಾಗಿತ್ತು, ಈಗ ಉಗುರು ಬೆಚ್ಚಗೆ.

ಫ್ಲೋಟೇಬಲ್ ಹಾಕಿದರೆ ಫಾರ್ವರ್ಡ್ ಚೈನಿನಲ್ಲಿ (ದಾಟಿಹೋಗುವ ಪ್ಯಾಕೆಟ್ಟುಗಳ ನಿಯಮಪಟ್ಟಿಯಲ್ಲಿ) ಇಟ್ಟ ಕೌಂಟರುಗಳು ಹೆಚ್ಚುಕಡಿಮೆ ನಿಂತುಬಿಡುತ್ತವೆ. ಪ್ಯಾಕೆಟ್ಟುಗಳು ಆ ದಾರಿಯಲ್ಲಿ ಬರುವುದೇ ಇಲ್ಲವಲ್ಲ. ಮನೆಯಲ್ಲಿ ಯಾವ ಸಾಧನ ಎಷ್ಟು ಡೇಟಾ ಬಳಸಿತು ಅಂತ ಅಲ್ಲಿ ಎಣಿಸುತ್ತಿದ್ದರೆ ಲೆಕ್ಕ ತಪ್ಪುತ್ತೆ.

ಈ ನಡುವೆ ಮುಂದಿನ ಕೆಲಸವೂ ತಲೆಯೊಳಗೆ ಹೊಕ್ಕಿದೆ. ಬೋರ್ಡು, ಓಎನ್‌ಟಿ, ವೈಫೈ ಪಾಯಿಂಟ್ ಮೂರೂ ನಡೆಯೋದು 12 ವೋಲ್ಟ್ ಡಿಸಿಯಲ್ಲೇ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಯುಪಿಎಸ್ ತನ್ನ ಬ್ಯಾಟರಿಯ ವೋಲ್ಟೇಜನ್ನು 230ಕ್ಕೆ ಏರಿಸಿ, ಅಡಾಪ್ಟರ್ ಮತ್ತೆ 12ಕ್ಕೆ ಇಳಿಸಿ, ನಡುವೆ ಸೋರಿಹೋಗುವ ಶಕ್ತಿ ನೆನೆದರೆ ಹೊಟ್ಟೆ ಉರಿಯುತ್ತೆ. ನಾಲ್ಕು ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಸಾಲಾಗಿ ಜೋಡಿಸಿದರೆ 12.8 ವೋಲ್ಟ್. 6 ಆಂಪಿಯರ್ ಅವರ್‌ದಾದರೆ ಸುಮಾರು 77 ವಾಟ್ ಅವರ್. ಮೂರೂ ಸೇರಿ ಎಳೆಯೋದು 22 ವಾಟ್, ನಷ್ಟ ಕಳೆದು ಮೂರು ಗಂಟೆ ಧಾರಾಳ. ಚಾರ್ಜ್ ಆಗುವಾಗ ವೋಲ್ಟೇಜ್ 14.6ಕ್ಕೆ ಏರುವುದರಿಂದ ನಡುವೆ ಅದನ್ನು 12ರಲ್ಲೇ ಹಿಡಿದಿಡುವ ಬಕ್-ಬೂಸ್ಟ್ ಪರಿವರ್ತಕ ಬೇಕು. ಸೆಲ್ಲುಗಳಿಗೆ ಮೂರು ಕಡೆ ವಿಚಾರಿಸಿದೆ. ಬರೆದ ಸಾಮರ್ಥ್ಯ ನಿಜವೇ ಅಂತ ಕೇಳಿದ್ದಕ್ಕೆ ಇಬ್ಬರು ಉತ್ತರವನ್ನೇ ಕೊಟ್ಟಿಲ್ಲ. ಒಬ್ಬೊಬ್ಬರಿಂದ ಒಂದೊಂದು ಸೆಲ್ ತರಿಸಿ ಡಿಸ್ಚಾರ್ಜ್ ಮಾಡಿ ಅಳೆದೇ ಕೊಳ್ಳುತ್ತೇನೆ.

ಇವತ್ತು ಬೆಳಗ್ಗೆ ಲ್ಯಾಬ್ ಬಿಚ್ಚಿ ರೌಟರನ್ನು ನಿಜವಾದ ಲೈನಿಗೆ ಹಾಕಿದೆ. ಡೌನ್‌ಲೋಡ್ 926, ಅಪ್‌ಲೋಡ್ 918. ಉಳಿದದ್ದು ಒಂದೇ. ಅಪ್‌ಲೋಡ್ ತುಂಬಿದಾಗ ಪಿಂಗ್ (ಪ್ಯಾಕೆಟ್ ಹೋಗಿ ಬರುವ ಸಮಯ) 5 ಮಿಲಿಸೆಕೆಂಡಿನಿಂದ 41ಕ್ಕೆ ಹಾರುತ್ತೆ. ನಾನು ಬ್ಯಾಕಪ್ ಕಳಿಸುವ ಹೊತ್ತಿಗೇ ಅಮ್ಮ ಧಾರವಾಡದ ಅಕ್ಕನ ಜೊತೆ ವಿಡಿಯೊ ಕಾಲ್ ಮಾಡಿದರೆ ಮಾತು ತುಂಡುತುಂಡಾಗುವುದು ಇದರಿಂದಲೇ. ವೇಗಕ್ಕೆ ಮಿತಿ ಕಟ್ಟಿ ಸಾಲು ಬೆಳೆಯದಂತೆ ನೋಡಿಕೊಳ್ಳುವ ಕೇಕ್ ಶೇಪರ್ ಹಾಕಬೇಕು, ಆದರೆ ಅದು ಮತ್ತೆ ಒಂದೇ ಕೋರಿನ ಮೇಲೆ ಕೂರುತ್ತೆ. 900ಕ್ಕೆ ಕಟ್ಟಿದರೆ ಈ ಒಂದು ಗಿಗಾಹರ್ಟ್ಸ್ ತಡೆಯುತ್ತಾ, 600ಕ್ಕೆ ಇಳಿಸಬೇಕಾ? ಶನಿವಾರ ರಾತ್ರಿ ಅಳೆಯುತ್ತೇನೆ. ಬೆಸುಗೆ ಹಾಕಿದ ಆ ಸೀರಿಯಲ್ ಕೇಬಲ್ ಅಲ್ಲಿಯವರೆಗೆ ಬೋರ್ಡಿನಲ್ಲೇ ಇರುತ್ತೆ.